ತಾಳದ ನಡುವೆ ನುಡಿಯುವ ಗಿಟಾರ್

ತಾಳದ ಪೆಟ್ಟು ಬೀಳುವಲ್ಲಿಯೇ ವಾದ್ಯವೂ ನುಡಿಯತಕ್ಕದ್ದೆಂದು ಕೀರ್ತನೆಗಳನ್ನು ಹಾಡಿ ಬೆಳೆದ ನಮ್ಮ ಬಾಲಿಕೆಯರು ಎಣಿಸುವುದು ಸಹಜವೇ. ಆದರೆ ಜಮೈಕಾ ದ್ವೀಪದ ‘ಸ್ಕಾ’ ಎಂಬ ಸಂಗೀತದಲ್ಲಿ ಗಿಟಾರ್ ಪೆಟ್ಟಿನ ಮೇಲೆ ಮೌನವಾಗಿದ್ದು, ಎರಡು ಪೆಟ್ಟುಗಳ ನಡುವಣ ಎಡೆಯಲ್ಲಿ ನುಡಿಯುತ್ತದೆ.

ಈ ಸಂಗೀತವು ೧೯೫೦ರ ದಶಕದ ಕೊನೆಯಲ್ಲಿ ಕಿಂಗ್‌ಸ್ಟನ್ ಪಟ್ಟಣದಲ್ಲಿ ಹುಟ್ಟಿ, ೧೯೬೨ರಲ್ಲಿ ಆ ದೇಶವು ಸ್ವಾತಂತ್ರ್ಯ ಪಡೆದ ಕಾಲಕ್ಕೆ ಜನಪ್ರಿಯವಾಯಿತು. ೧೯೬೪ರಲ್ಲಿ ಕೂಡಿದ ‘ಸ್ಕಾಟಲೈಟ್ಸ್’ ಎಂಬ ವಾದ್ಯಮೇಳದ ಟಾಮಿ ಮೆಕುಕ್, ಡಾನ್ ಡ್ರಮಂಡ್ ಮೊದಲಾದವರು ಕ್ಯಾಥೋಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಲಕರ ಶಾಲೆಯಲ್ಲಿ ವಿದ್ಯೆ ಕಲಿತವರು. ಬಡಮಕ್ಕಳಿಗೆ ಅಲ್ಲಿ ಕಲಿಸಿದ ವಾದ್ಯವಿದ್ಯೆಯು ಒಂದು ನಾಡಿನ ಸಂಗೀತಕ್ಕೇ ಆಧಾರವಾಯಿತೆಂಬುದು ಮಿಶನ್ ಶಾಲೆಯವರಾದ ನಮಗೆ ಸ್ಮರಣೀಯವಾದದ್ದು.

ಇನ್ನು ಕಲಿಯುವ ಕ್ರಮ. ಮೊದಲು ಗಿಟಾರನ್ನು ಬದಿಗಿಟ್ಟು, ಕಾಲಿನಿಂದ ಸಮನಾಗಿ ತಟ್ಟುತ್ತ, ಆಡುಮಾತಿನ ರೀತಿಯಲ್ಲಿ ‘ಒಂ-ದು, ಎರ್-ಡು, ಮೂ-ರು, ನಾಲ್-ಕು’ ಎಂದು ಎಣಿಸಬೇಕು. ಪ್ರತಿಯೊಂದು ಮಾತಿನ ಮೊದಲ ಭಾಗಕ್ಕೆ ಕಾಲು ಬೀಳಲಿ. ಎರಡನೆಯದಕ್ಕೆ ಕೈ ಚಪ್ಪಾಳೆ ಹೊಡೆಯಲಿ. ಚಪ್ಪಾಳೆಯ ಆ ಸ್ಥಳವೇ ಗಿಟಾರಿನ ಸ್ಥಳ.

ಅನಂತರ ವಾದ್ಯವನ್ನು ಕೈಗೆ ತೆಗೆದುಕೊಳ್ಳಬಹುದು. ಕಾಲು ಬೀಳುವಾಗ ಬಲಗೈ ತಂತಿಗಳನ್ನು ಮುಟ್ಟದೆ ಕೆಳಗಿಳಿಯತಕ್ಕದ್ದು. ಮೇಲಕ್ಕೆ ಬರುವಾಗ ಮಾತ್ರ ಮೂರು ನಾಲ್ಕು ತೆಳು ತಂತಿಗಳನ್ನು ಲಘುವಾಗಿ ಮೀಟತಕ್ಕದ್ದು. ನಾದ ಹೊರಟ ಕೂಡಲೆ ಎಡಗೈ ಬೆರಳುಗಳು ತಂತಿಯನ್ನು ಬಿಡದೆ ಒತ್ತನ್ನು ಮಾತ್ರ ಸಡಿಲಿಸಬೇಕು; ಆಗ ನಾದವು ಚಿಕ್ಕದಾಗಿ ನಿಲ್ಲುತ್ತದೆ. ಬೆರಳೊತ್ತದ ತಂತಿಯು ಮಿಡಿಯುತ್ತಲೇ ಇರುವುದರಿಂದ, ಮೀಟುವ ಎಲ್ಲಾ ತಂತಿಗಳನ್ನೂ ಒತ್ತಿ ಹಿಡಿಯುವ ಸ್ವರಗುಚ್ಛಗಳೇ ಇದಕ್ಕೆ ತಕ್ಕವು.

ಕಲಿಯುವವರಿಗೆ ಒದಗುವ ಮುಖ್ಯ ತೊಡಕು ಒಂದುಂಟು. ಕಾಲು ನಿಂತುಹೋದರೆ, ನಡುವಣ ನಾದವನ್ನೇ ಕಿವಿಯು ಪೆಟ್ಟೆಂದು ತಿಳಿಯುವುದು. ಆಗ ನುಡಿಸುವವಳಿಗೆ ತಪ್ಪು ಗೊತ್ತಾಗದಿದ್ದರೂ ಮೇಳವು ಅವಳಿಂದ ಅಗಲಿಹೋಗುವುದು. ಆದಕಾರಣ ನಿಮಿಷಕ್ಕೆ ೬೦ ಪೆಟ್ಟುಗಳ ನಿಧಾನದಲ್ಲಿ ಆರಂಭಿಸಿ, ಕಾಲನ್ನೂ ಕೈಯನ್ನೂ ನಿಲ್ಲಿಸದೆ ಅಭ್ಯಾಸ ಮಾಡಿ, ಬಳಿಕ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ನಾದವಿಲ್ಲದ ಹೊತ್ತಿನಲ್ಲಿಯೂ ಕೈಯು ತನ್ನ ಕೆಲಸವನ್ನು ಬಿಡಬಾರದೆಂಬುದೇ ಈ ವಿದ್ಯೆಯ ತಿರುಳು.

ಪೋಷಕರಲ್ಲಿ ಒಂದು ವಿಜ್ಞಾಪನೆ. ಮಗಳ ಕೋಣೆಯಿಂದ ರಾಗವೊಂದೂ ಕೇಳಿಸದೆ ‘ಚಕ್, ಚಕ್’ ಎಂಬ ಸದ್ದು ಮಾತ್ರ ಅರ್ಧ ಗಂಟೆ ಕೇಳಿಸಿದರೆ ಬೇಸರಪಡಬೇಡಿರಿ. ಹಾಡುವವರೂ ಕುಣಿಯುವವರೂ ಆತುಕೊಳ್ಳುವುದು ಆ ಸದ್ದನ್ನೇ.