ಎರಡು ಇಬ್ಬನಿಗಳ ನಡುವೆ ಸಿಗುವ ಅನಿಲ

2001ರ ಬೇಸಿಗೆಯಲ್ಲಿ ಅಮೆರಿಕದ ಓಹಾಯೊ ನದಿ ದಡದ ಚೆಶೈರ್ ಎಂಬ ಪುಟ್ಟ ಊರಿನ ಮೇಲೆ ನೀಲಿ ಮಬ್ಬು ಇಳಿಯತೊಡಗಿತು. ಜನರಿಗೆ ಕಣ್ಣುರಿ, ಗಂಟಲು ಕೆರೆತ. ಊರಿಗೆ ಅಂಟಿಕೊಂಡೇ ಇತ್ತು 2,600 ಮೆಗಾವಾಟ್‌ನ ಗ್ಯಾವಿನ್ ಕಲ್ಲಿದ್ದಲು ವಿದ್ಯುತ್ ಸ್ಥಾವರ. ನೋವಿನ ಸಂಗತಿಯೆಂದರೆ, ಆ ವರ್ಷ ಅಲ್ಲಿ ಹೊಸದಾಗಿ ಕೂರಿಸಿದ್ದು ಮಾಲಿನ್ಯ ತಗ್ಗಿಸುವ ಉಪಕರಣವನ್ನೇ. ನೈಟ್ರೋಜನ್ ಆಕ್ಸೈಡುಗಳನ್ನು ಕಳೆಯಲೆಂದು ಇಟ್ಟ ಕ್ರಿಯಾವರ್ಧಕ, ಹೊಗೆಯ ಸಲ್ಫರ್ ಡೈಆಕ್ಸೈಡ್‌ನಲ್ಲಿ ಒಂದಿಷ್ಟು ಪಾಲಿಗೆ ಇನ್ನೊಂದು ಆಮ್ಲಜನಕ ಸೇರಿಸಿ ಟ್ರೈಆಕ್ಸೈಡ್ ಮಾಡುತ್ತಿತ್ತು.

ಹೊಗೆ ತಣಿದಂತೆ ಈ ಟ್ರೈಆಕ್ಸೈಡ್ ನೀರಾವಿಯೊಡನೆ ಕೂಡಿ ಗಂಧಕಾಮ್ಲವಾಗುತ್ತದೆ. ಡೈಆಕ್ಸೈಡನ್ನು ತೊಳೆಯುವ ಸುಣ್ಣದ ನೀರಿನ ಗೋಪುರಕ್ಕೆ ಹೊಕ್ಕೊಡನೆ ಥಟ್ಟನೆ ತಣಿದು ಅತಿಸೂಕ್ಷ್ಮ ಹನಿಗಳ ಮಂಜಾಗಿ, ನೀರಿನ ಕೈಗೆ ಸಿಗದೆ ಚಿಮಣಿಯಿಂದ ಪಾರಾಗುತ್ತದೆ. ಊದುಬತ್ತಿಯ ತುದಿಯಿಂದೇಳುವ ಹೊಗೆ ನೀಲಿಯಾಗಿ ಕಾಣುತ್ತದಲ್ಲ, ಇದರ ನೀಲಿಗೂ ಅದೇ ಕಾರಣ: ಬೆಳಕಿನ ಅಲೆಗಿಂತ ಚಿಕ್ಕ ಕಣಗಳು ನೀಲಿಯನ್ನೇ ಹೆಚ್ಚು ಚದುರಿಸುತ್ತವೆ.

ಈ ಟ್ರೈಆಕ್ಸೈಡನ್ನು ಅಳೆಯುವುದು ಬಲು ಕಷ್ಟ. ಗಂಧಕ ಹೆಚ್ಚಿರುವ ಕಲ್ಲಿದ್ದಲಿನ ಹೊಗೆಯ ಹತ್ತು ಲಕ್ಷ ಭಾಗಗಳಲ್ಲಿ ಡೈಆಕ್ಸೈಡ್ ಸಾವಿರ ಭಾಗ ದಾಟಿದರೆ, ಟ್ರೈಆಕ್ಸೈಡ್ ಹತ್ತಿಪ್ಪತ್ತು ಮಾತ್ರ. ಹಳೆಯ ವಿಧಾನದಲ್ಲಿ ಹೊಗೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತುಂಬಿದ ಬಾಟಲಿಯಲ್ಲಿ ಹಾಯಿಸುತ್ತಿದ್ದರು. ಅದರಲ್ಲಿ ಡೈಆಕ್ಸೈಡ್‌ನ ನೂರರಲ್ಲಿ ಒಂದು ಪಾಲು ಕರಗಿ ಸಲ್ಫೇಟ್ ಆಗಿಬಿಟ್ಟರೂ ಸಾಕು, ಲೆಕ್ಕಕ್ಕೆ ಹತ್ತು ಭಾಗ ಸುಳ್ಳೇ ಸೇರಿಕೊಳ್ಳುತ್ತದೆ.

1962ರಲ್ಲಿ ಗೋಕ್ಸೋಯರ್ ಮತ್ತು ರಾಸ್ ಪ್ರಕಟಿಸಿದ ಉಪಾಯ ನನಗೆ ಬಲು ಇಷ್ಟ. ಹೊಗೆಯಲ್ಲಿ ಆಮ್ಲ ಇಬ್ಬನಿ ಕಟ್ಟುವುದು ಸುಮಾರು 130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ನೀರು ಇಬ್ಬನಿಯಾಗಲು 50ರ ಹತ್ತಿರಕ್ಕೆ ಇಳಿಯಬೇಕು. ಇವೆರಡರ ನಡುವೆ ಬಲೆ ಬೀಸಬೇಕು. 260 ಡಿಗ್ರಿಗಿಂತ ಬಿಸಿಯಾಗಿಟ್ಟ ಕೊಳವೆಯಲ್ಲಿ ಹೊಗೆ ಎಳೆದು, ಸ್ಫಟಿಕ ನಾರಿನ ಸೋಸುಕದಲ್ಲಿ ಬೂದಿ ತಡೆದು, 60 ಡಿಗ್ರಿಗಿಂತ ತುಸು ಮೇಲಿನ ಬಿಸಿನೀರಿನಲ್ಲಿ ಮುಳುಗಿಸಿದ ಗಾಜಿನ ಸುರುಳಿಗೆ ಬಿಡುತ್ತಾರೆ. ಅಲ್ಲಿ ಆಮ್ಲ ಗಾಜಿಗೆ ಅಂಟಿಕೊಳ್ಳುತ್ತದೆ. ನೀರಾವಿ, ಡೈಆಕ್ಸೈಡ್ ಎರಡೂ ಮುಂದೆ ಸಾಗುತ್ತವೆ.

ಕೊಳವೆಯ ಒಂದು ಗೇಣು ತಣ್ಣಗಿದ್ದರೂ ಆಮ್ಲ ಅಲ್ಲೇ ಉಳಿಯುತ್ತದೆ. ಸೋಸುಕದಲ್ಲಿ ಬೂದಿ ದಪ್ಪಗಟ್ಟಿದರೆ ಅದರ ಕ್ಷಾರ ಆಮ್ಲವನ್ನು ನುಂಗುತ್ತದೆ. ಆಗ ಅಂಕಿ ಕಡಿಮೆ ಬರುತ್ತದೆ, ಅದನ್ನೇ ನಂಬಿದವರು ಚಿಮಣಿ ಚೊಕ್ಕವಾಗಿದೆ ಅಂದುಕೊಳ್ಳುತ್ತಾರೆ. ಆಲ್ಕೊಹಾಲಿನ ಸುಳ್ಳಿಗಿಂತ ಈ ಸುಳ್ಳು ಅಪಾಯಕಾರಿ.

ಚೆಶೈರ್‌ನ ಹೆಚ್ಚಿನ ಜನರಿಗೆ ಊರು ಉಳಿಯಲಿಲ್ಲ. 2002ರಲ್ಲಿ, ಆಗ ಸ್ಥಾವರದ ಒಡೆತನ ಹೊಂದಿದ್ದ ಅಮೆರಿಕನ್ ಎಲೆಕ್ಟ್ರಿಕ್ ಪವರ್ ಕಂಪನಿ ಸುಮಾರು 2 ಕೋಟಿ ಡಾಲರ್‌ಗೆ ಊರಿನ ಬಹುತೇಕ ಮನೆಗಳನ್ನು ಕೊಳ್ಳಲು ಒಪ್ಪಿತು. ಈಗ ಇಂಥ ಸ್ಥಾವರಗಳು ಆಮ್ಲವನ್ನು ನುಂಗಲೆಂದು ಹೊಗೆನಾಳಕ್ಕೆ ಸುಣ್ಣದ ಪುಡಿಯನ್ನೋ ಸೋಡಾ ಖನಿಜವನ್ನೋ ಊದುತ್ತವೆ. ಎಷ್ಟು ಊದಬೇಕೆಂದು ತಿಳಿಯಲು ಯಾರೋ ಒಬ್ಬರು ಆ ಸುರುಳಿಯನ್ನು ಶುದ್ಧ ನೀರಿನಿಂದ ತೊಳೆದು, ಥೋರಿನ್ ಬಣ್ಣ ಬೆರೆಸಿ, ಬೇರಿಯಂ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ, ಹಳದಿ ಹೋಗಿ ತೆಳು ಗುಲಾಬಿ ಮೂಡುವವರೆಗೆ.