ಕಂಠವೊಂದೇ ವಾದ್ಯ: ಎಡೆದೊರೆ ನಾಡಿನ ಹರಿಕಥಾಮೃತಸಾರ ಪಾರಾಯಣ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ, ಶಾಸನಗಳು ಎಡೆದೊರೆ ಎಂದು ಕರೆದ ರಾಯಚೂರು ಸೀಮೆಯು 18ನೆಯ ಶತಮಾನದಲ್ಲಿ ಹರಿದಾಸ ಸಾಹಿತ್ಯದ ಎರಡನೆಯ ಮಹಾ ಘಟ್ಟಕ್ಕೆ ನೆಲೆಯಾಯಿತು. ಮಾನ್ವಿ ಭಾಗದ ಚೀಕಲಪರವಿಯಲ್ಲಿ ವಿಜಯದಾಸರು, ಮೊಸರಕಲ್ಲಿನಲ್ಲಿ ಗೋಪಾಲದಾಸರು, ಬ್ಯಾಗವಾಟದಲ್ಲಿ ಜಗನ್ನಾಥದಾಸರು ಹುಟ್ಟಿದರೆ, ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನಲ್ಲಿ ದಾಸಪರಂಪರೆಯ ಇನ್ನೊಂದು ಕವಲನ್ನು ಬೆಳೆಸಿದರು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಳಗೊಂಡ ಈ ಸೀಮೆಯ ಮಾಧ್ವ ಮನೆ, ಮಠ ಹಾಗೂ ಭಜನಾ ಮಂಡಳಿಗಳಿಗೆ ಈ ದಾಸರು ಬಿಟ್ಟುಹೋದ ಆಸ್ತಿಗಳಲ್ಲಿ ಹರಿಕಥಾಮೃತಸಾರದ ಸಾಮೂಹಿಕ ಪಾರಾಯಣವು ಮುಖ್ಯವಾದುದು. ದೇವರನಾಮವನ್ನು ತಾಳ, ತಂಬೂರಿಗಳ ಜೊತೆ ಹಾಡುವುದು ರೂಢಿಯಲ್ಲಿದೆಯಾದರೂ ಪಾರಾಯಣಕ್ಕೆ ಕೂಡಿ ಹೇಳುವ ಕಂಠಗಳಷ್ಟೇ ಸಾಕು.

ಜಗನ್ನಾಥದಾಸರು (1728–1809) ಮೊದಲು ಶ್ರೀನಿವಾಸಾಚಾರ್ಯರೆಂಬ ಹೆಸರಿನ ಸಂಸ್ಕೃತ ವಿದ್ವಾಂಸರಾಗಿದ್ದು, ಕನ್ನಡದಲ್ಲಿ ಹಾಡುವ ದಾಸರನ್ನು ಕಡೆಗಣಿಸಿ ವ್ಯಾಧಿಗೆ ತುತ್ತಾದರೆಂದೂ, ಗೋಪಾಲದಾಸರ ಅನುಗ್ರಹದಿಂದ ಚೇತರಿಸಿಕೊಂಡು ದಾಸದೀಕ್ಷೆಯ ಕಡೆಗೆ ಹೊರಳಿದರೆಂದೂ ಸಂಪ್ರದಾಯವು ಹೇಳುತ್ತದೆ. ಮಧ್ವಸಿದ್ಧಾಂತದ ಸಾರವನ್ನು 32 ಸಂಧಿಗಳಲ್ಲಿ ಸಂಗ್ರಹಿಸುವ ಅವರ ಹರಿಕಥಾಮೃತಸಾರಕ್ಕೆ ಮುಂದೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನಗಳು ಹುಟ್ಟಿದವು. ಶಾಸ್ತ್ರದ ಇಷ್ಟೊಂದು ಭಾರವನ್ನು ಹೊತ್ತ ಗ್ರಂಥವು ಸಂಸ್ಕೃತವನ್ನು ಓದದ ಗೃಹಿಣಿಯರ ಬಾಯಲ್ಲಿಯೂ ಉಳಿದುಬಂದಿರುವುದಕ್ಕೆ ಅದರ ಛಂದಸ್ಸೇ ದೊಡ್ಡ ಕಾರಣವಾಗಿದೆ.

ಆ ಛಂದಸ್ಸು ಕುಮಾರವ್ಯಾಸನು ಪ್ರಸಿದ್ಧಿಗೆ ತಂದ ಭಾಮಿನೀ ಷಟ್ಪದಿ. ಲಘು ಅಕ್ಷರಕ್ಕೆ ಒಂದು, ಗುರು ಅಕ್ಷರಕ್ಕೆ ಎರಡು ಎಂದು ಉಚ್ಚಾರಣೆಯ ಕಾಲವನ್ನು ಎಣಿಸುವ ಅಳತೆಗೆ ಮಾತ್ರೆ ಎಂದು ಹೆಸರು. ಆರು ಪಾದಗಳ ಈ ಪದ್ಯದಲ್ಲಿ ಒಂದು, ಎರಡು, ನಾಲ್ಕು ಮತ್ತು ಐದನೆಯ ಪಾದಗಳಿಗೆ 3+4+3+4ರಂತೆ 14 ಮಾತ್ರೆಗಳಿದ್ದರೆ, ಮೂರು ಮತ್ತು ಆರನೆಯ ಪಾದಗಳು ಅದೇ ನಡೆಯಲ್ಲಿ ಮುಂದುವರಿದು ಕೊನೆಯ ಗುರುವಿನೊಂದಿಗೆ 23 ಮಾತ್ರೆಗಳಾಗುವುದರಿಂದ ಇಡೀ ಪದ್ಯವು 102 ಮಾತ್ರೆಗಳಲ್ಲಿ ಮುಗಿಯುತ್ತದೆ. ಮೂರು ನಾಲ್ಕರ ಈ ಏಳು ಮಾತ್ರೆಗಳ ಓಟವು ಮಿಶ್ರಛಾಪು ತಾಳದ ನಡೆಗೆ ತಾನಾಗಿ ಹೊಂದುತ್ತದೆ. ಪಾದಗಳ ಎರಡನೆಯ ಅಕ್ಷರದಲ್ಲಿ ಮರಳುವ ಆದಿಪ್ರಾಸವು ಮುಂದಿನ ಸಾಲನ್ನು ನೆನಪಿಗೆ ತಂದುಕೊಡುತ್ತದೆ. ಉದ್ದನೆಯ ಮೂರನೆಯ ಪಾದದ ಕೊನೆಯ ಗುರುವಿನಲ್ಲಿ ಎಲ್ಲರಿಗೂ ಒಟ್ಟಿಗೆ ಉಸಿರು ತೆಗೆದುಕೊಳ್ಳಲು ಎಡೆ ಸಿಗುತ್ತದೆ. ಪ್ರತಿ ಸಂಧಿಯ ಆರಂಭದಲ್ಲಿ ಅರ್ಧ ಷಟ್ಪದಿಯಷ್ಟಿರುವ ಸೂಚನಾಪದ್ಯವನ್ನು ಹೇಳುವ ರೂಢಿಯಿಂದ ಧಾಟಿಯೂ ವೇಗವೂ ಮೊದಲೇ ಗೊತ್ತಾಗುತ್ತವೆ. ಒಂದು ಪದ್ಯಕ್ಕೆ ಒಗ್ಗಿದ ಧಾಟಿಯು ಉಳಿದ ಎಲ್ಲ ಪದ್ಯಗಳಿಗೂ ಒಗ್ಗುವುದರಿಂದ, ಹೊಸದಾಗಿ ಸೇರಿದವರು ಪುಸ್ತಕ ಹಿಡಿದು ಹಿರಿಯರ ದನಿಯನ್ನು ಅನುಸರಿಸಿದರೆ ಸಾಲುತ್ತದೆ.

ಇಂಥದೇ ಉಪಾಯವನ್ನು ದೂರದ ಇಂಗ್ಲೆಂಡು ಇನ್ನೂ ಮುಂಚೆಯೇ ಕಂಡುಕೊಂಡಿತ್ತು. ಬೈಬಲ್ಲಿನ 150 ಕೀರ್ತನೆಗಳನ್ನು ಸ್ಟರ್ನ್‌ಹೋಲ್ಡ್, ಹಾಪ್ಕಿನ್ಸ್ ಮೊದಲಾದವರು ಇಂಗ್ಲಿಷ್ ಪದ್ಯಗಳಾಗಿ ಕಟ್ಟಿದ ಸಂಪೂರ್ಣ ಸಂಗ್ರಹವು 1562ರಲ್ಲಿ ಅಚ್ಚಾಯಿತು. ಎಂಟು ಮತ್ತು ಆರು ಅಕ್ಷರಾಂಶಗಳ ಸಾಲುಗಳು ಒಂದಾದ ಮೇಲೊಂದು ಬರುವ ಚೌಪದಿಯು ಅಲ್ಲಿ ಎಷ್ಟು ಬಳಕೆಗೆ ಬಂದಿತೆಂದರೆ, ಬೆರಳೆಣಿಕೆಯ ಧಾಟಿಗಳನ್ನು ಬಲ್ಲ ಸಭೆಯು ಬಹುಪಾಲು ಕೀರ್ತನೆಗಳನ್ನು ವಾದ್ಯವಿಲ್ಲದೆ ಹಾಡಬಹುದಾಗಿತ್ತು. ಓದಲು ಬಾರದವರು ಹೆಚ್ಚಿದ್ದೆಡೆ ಒಬ್ಬನು ಸಾಲನ್ನು ಓದಿಕೊಟ್ಟು ಸಭೆಯು ಹಾಡಬೇಕೆಂದು 1645ರಲ್ಲಿ ಪಾರ್ಲಿಮೆಂಟು ಒಪ್ಪಿದ ಆರಾಧನಾ ನಿರ್ದೇಶಿಕೆಯು ಸೂಚಿಸಿತು. ವಾದ್ಯವಿಲ್ಲದೆ ಹಾಡುವ ರೂಢಿಯು ಕೆಲವೆಡೆ ಎಷ್ಟು ಕಾಲ ಉಳಿಯಿತೆಂದರೆ, ಸ್ಕಾಟ್ಲೆಂಡಿನ ಫ್ರೀ ಚರ್ಚ್ ಆರಾಧನೆಯಲ್ಲಿ ವಾದ್ಯಗಳಿಗೆ ಅವಕಾಶ ಕೊಟ್ಟದ್ದು 2010ರಲ್ಲಿ.

ಎರಡು ಪದ್ಧತಿಗಳ ಅಂತರವೂ ಗಮನಾರ್ಹವಾದುದು. ಕೀರ್ತನೆಗಳು ಧರ್ಮಗ್ರಂಥದ ಪದ್ಯಾನುವಾದವಾದರೆ ಹರಿಕಥಾಮೃತಸಾರವು ಸ್ವತಂತ್ರ ಸಿದ್ಧಾಂತಕಾವ್ಯ. ಅಲ್ಲಿ 1567ರ ಹೊತ್ತಿಗೆ ಥಾಮಸ್ ಟ್ಯಾಲಿಸ್‌ ಎಂಬ ಸಂಗೀತಗಾರನು ಆರ್ಚ್‌ಬಿಷಪ್ ಪಾರ್ಕರನ ಕೀರ್ತನಸಂಗ್ರಹಕ್ಕೆ ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ಹಿಡಿಯುವ ನಾಲ್ಕು ಕಂಠಗಳ ಸಂಯೋಜನೆಗಳನ್ನು ಮಾಡಿ ಅವನ್ನು ಸ್ವರಲಿಪಿಯಲ್ಲಿ ಬರೆದಿಟ್ಟನು. ಇಲ್ಲಿ ಎಲ್ಲರೂ ಒಂದೇ ಸ್ವರಮಾರ್ಗದಲ್ಲಿ ಸಾಗುತ್ತಾರೆ. ವೈವಿಧ್ಯವು ರಾಗ ಮತ್ತು ಧಾಟಿಗಳ ಬದಲಾವಣೆಯಲ್ಲಿ ಕಾಣುತ್ತದೆ, ಅದರ ಕಲಿಕೆಯೂ ಕೇಳ್ಮೆಯಿಂದಲೇ ನಡೆಯುತ್ತದೆ.

ಅಚ್ಚಾದ ಪುಸ್ತಕವು ಸಾಹಿತ್ಯವನ್ನು ಕಾಯುತ್ತದೆಯೇ ಹೊರತು ಧಾಟಿಯನ್ನು ಕಾಯುವುದಿಲ್ಲ. ಟ್ಯಾಲಿಸ್‌ನ ಸ್ವರಗಳನ್ನು ನಾಲ್ಕೂವರೆ ಶತಮಾನಗಳ ಅನಂತರವೂ ಓದಿ ಹಾಡಲು ಸಾಧ್ಯವಾದದ್ದು ಬರವಣಿಗೆಯಿಂದ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಮಂಡಳಿಗಳು ಹಿರಿಯರ ಧಾಟಿಗಳನ್ನು ರಾಗದ ಹೆಸರು ಮತ್ತು ಸಂಧಿಯ ಕ್ರಮದೊಂದಿಗೆ ಧ್ವನಿಮುದ್ರಿಸಿಕೊಂಡು, ಸಾಧ್ಯವಾದೆಡೆ ಸ್ವರಪ್ರಸ್ತಾರವನ್ನೂ ಬರೆಯಿಸಿಟ್ಟರೆ, ಕಾವ್ಯದ ಜೊತೆಗೆ ಅದನ್ನು ಹಾಡುವ ಬಗೆಯೂ ಮುಂದಿನವರಿಗೆ ದಕ್ಕುತ್ತದೆ.