ಫಾರ್ಮ್ಯಾಟ್ ಒತ್ತುವ ಮುನ್ನ

ಲಿನಕ್ಸ್‌ನಲ್ಲಿ ಬಳಸಿದ ಹಾರ್ಡ್‌ಡಿಸ್ಕನ್ನು ತಂದು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೆ, ಬಳಸುವ ಮೊದಲು ಇದನ್ನು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ತೆರೆಯ ಮೇಲೆ ಮೂಡಬಹುದು. ಅದನ್ನು ನಂಬಿ ಗುಂಡಿ ಒತ್ತಬೇಡಿ. ಮದುವೆಯ ಫೋಟೊ, ಲೆಕ್ಕಪತ್ರ, ಪ್ರಬಂಧದ ಕರಡು ಎಲ್ಲವೂ ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ. ಅವನ್ನು ಓದುವ ಬಗೆ ವಿಂಡೋಸಿಗೆ ಗೊತ್ತಿಲ್ಲ, ಅಷ್ಟೇ.

ಡಿಸ್ಕಿನ ಮೇಲಿರುವುದು ಸೊನ್ನೆ, ಒಂದುಗಳ ಸಾಲು. ಯಾವ ಫೈಲು ಎಲ್ಲಿ ಶುರುವಾಗಿ ಎಲ್ಲೆಲ್ಲಿ ಮುಂದುವರಿಯುತ್ತದೆ, ಯಾವ ಜಾಗ ಖಾಲಿ, ಯಾರು ತೆರೆಯಬಹುದು ಎಂಬುದನ್ನೆಲ್ಲ ಅದೇ ಡಿಸ್ಕಿನಲ್ಲಿ ಬರೆದಿಟ್ಟಿರುತ್ತಾರೆ. ಶ್ಯಾನುಭೋಗರ ಖಾತೆ ಪುಸ್ತಕದ ಹಾಗೆ: ಜಮೀನು ಕಣ್ಣೆದುರಿಗಿದ್ದರೂ ಪುಸ್ತಕ ಓದಲು ಬಾರದವನಿಗೆ ಸರಹದ್ದು ತಿಳಿಯದು. ಹೀಗೆ ಬರೆದಿಡುವ ಕ್ರಮವೇ ಫೈಲ್ ಸಿಸ್ಟಮ್. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್ ಈಗಲೂ ವಿಂಡೋಸಿನ ಮುಖ್ಯ ಕ್ರಮ. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು 2008ರಲ್ಲಿ ಬಂದ ಇಎಕ್ಸ್‌ಟಿ4.

ಇಎಕ್ಸ್‌ಟಿ4ರ ಒಳರಚನೆ ಯಾರು ಬೇಕಾದರೂ ನೋಡಬಹುದಾದದ್ದು. ಎನ್‌ಟಿಎಫ್‌ಎಸ್‌ನ ಪೂರ್ಣ ವಿವರವನ್ನು ಮೈಕ್ರೋಸಾಫ್ಟ್ ಬಿಟ್ಟುಕೊಡಲಿಲ್ಲ. ಆದರೂ ಇಂದು ಲಿನಕ್ಸ್ ವಿಂಡೋಸಿನ ಡಿಸ್ಕನ್ನು ಓದುತ್ತದೆ, ಬರೆಯುತ್ತದೆ. ವಿಂಡೋಸ್ ತಾನಾಗಿ ಲಿನಕ್ಸಿನದನ್ನು ಓದುವುದಿಲ್ಲ. ವಿವರ ಸಿಗದ ಕಡೆಯವರೇ ಪಟ್ಟುಹಿಡಿದು ಕಲಿತರು. 2007ರ ಹೊತ್ತಿಗೆ ಎನ್‌ಟಿಎಫ್‌ಎಸ್-3ಜಿ ಎಂಬ ಮುಕ್ತ ತಂತ್ರಾಂಶ ನೆಚ್ಚಿಕೊಳ್ಳುವಷ್ಟು ಪಕ್ವವಾಯಿತು. 2021ರಲ್ಲಿ ಪ್ಯಾರಗಾನ್ ಕಂಪನಿ ಕೊಟ್ಟ ಡ್ರೈವರ್ ಲಿನಕ್ಸ್ ಕರ್ನಲ್ಲಿಗೇ ಸೇರಿತು. ಇತ್ತ ವಿಂಡೋಸ್ 11ರಲ್ಲೂ ವಿಂಡೋಸಿನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಅಳವಡಿಸಿಕೊಂಡರೆ ಅದರೊಳಗಿನ ಲಿನಕ್ಸ್ ಮೂಲಕ ಇಎಕ್ಸ್‌ಟಿ4 ಹಾರ್ಡ್‌ಡಿಸ್ಕ್ ತೆರೆಯಬಹುದು.

ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಟ್ಟುಕೊಂಡವರನ್ನು ಕಾಡುವುದು ಬೇರೆಯೇ ತೊಡಕು: ಲಿನಕ್ಸ್‌ನಿಂದ ವಿಂಡೋಸಿನ ಡ್ರೈವ್ ಕಾಣುತ್ತದೆ, ಬರೆಯಲು ಮಾತ್ರ ಬಿಡುವುದಿಲ್ಲ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಇದಕ್ಕೆ ಸಾಮಾನ್ಯ ಕಾರಣ. ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಗಿಸಿರುವುದಿಲ್ಲ, ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿ ಮಲಗಿರುತ್ತದೆ. ಆಗ ಬೇರೆಯವರು ಬರೆದರೆ, ಎಚ್ಚೆತ್ತ ಮೇಲೆ ಅದರ ಲೆಕ್ಕ ತಪ್ಪಿ ಫೈಲುಗಳು ಕೆಡಬಹುದು. ಲಿನಕ್ಸ್ ಹಿಂಜರಿಯುವುದು ನಿಮ್ಮ ಮಾಹಿತಿಯ ರಕ್ಷಣೆಗೇ. ಬಲವಂತ ಮಾಡದೆ, ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಕೈಯಿಂದ ಕೈಗೆ ಓಡಾಡುವ ಪೆನ್‌ಡ್ರೈವಿಗೆ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್ ಸಾಕು. ಹಳೆಯ ಫ್ಯಾಟ್32 ಎಲ್ಲ ಕಡೆ ನಡೆಯುತ್ತದಾದರೂ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಉದ್ದನೆಯ ವಿಡಿಯೊ ಅಲ್ಲಿಯೇ ನಿಲ್ಲುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಫ್ಯಾಟ್‌ನ ವಿವರ ಪ್ರಕಟಿಸಿದ ಮೇಲೆ ಲಿನಕ್ಸ್‌ನಲ್ಲೂ ಅದು ನಿರಾತಂಕ.

ಡಿಸ್ಕ್ ಬಿಚ್ಚದೆ ಮನೆಯ ನೆಟ್‌ವರ್ಕಿನಲ್ಲೇ ಫೈಲು ಹಂಚಿಕೊಳ್ಳಲು ಸಾಂಬಾ ಎಂಬ ತಂತ್ರಾಂಶ ಇದೆ. ಅದರ ಹುಟ್ಟು ನನಗೆ ಬಹಳ ಮೆಚ್ಚಿನ ಕಥೆ. 1991ರ ಕೊನೆಯಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧನಾ ವಿದ್ಯಾರ್ಥಿ ಆಂಡ್ರ್ಯೂ ಟ್ರಿಜೆಲ್ ತಮ್ಮ ಪಿಸಿಯಿಂದ ಯುನಿಕ್ಸ್ ಯಂತ್ರದ ಫೈಲುಗಳನ್ನು ನೋಡಬಯಸಿದರು. ಕೈಪಿಡಿ ಸಿಗಲಿಲ್ಲ. ತಂತಿಯಲ್ಲಿ ಹಾಯುವ ಪ್ಯಾಕೆಟ್‌ಗಳನ್ನು ಗಮನಿಸಿ, ಯಾವ ಪ್ರಶ್ನೆಗೆ ಸರ್ವರ್ ಏನು ಉತ್ತರಿಸುತ್ತದೆಂದು ಗುರುತಿಸಿ, ತಾವೂ ಹಾಗೇ ಉತ್ತರಿಸುವ ಪ್ರೋಗ್ರಾಂ ಬರೆದರು. ಮೈಕ್ರೋಸಾಫ್ಟ್ ವಿರುದ್ಧ ಯುರೋಪಿಯನ್ ಆಯೋಗ ನೀಡಿದ್ದ 2004ರ ಆದೇಶವನ್ನು ನ್ಯಾಯಾಲಯ ಎತ್ತಿಹಿಡಿದ ಬಳಿಕ, 2007ರ ಡಿಸೆಂಬರಿನಲ್ಲಷ್ಟೇ ಅಧಿಕೃತ ದಾಖಲೆಗಳು ಸಾಂಬಾ ತಂಡಕ್ಕೆ ದೊರಕುವ ಒಪ್ಪಂದವಾಯಿತು. ಅಷ್ಟರಲ್ಲಿ ಹದಿನಾರು ವರ್ಷ ಕಳೆದಿತ್ತು.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇನ್ನೊಂದನ್ನು ಗಮನಿಸಬೇಕು. ಹೆಸರಿನ ಮಿತಿ ಎರಡೂ ಕಡೆ 255, ಆದರೆ ಎಣಿಕೆಯ ಬಗೆ ಬೇರೆ. ಎನ್‌ಟಿಎಫ್‌ಎಸ್ ನಮ್ಮ ಪ್ರತಿ ಯುನಿಕೋಡ್ ಚಿಹ್ನೆಯನ್ನು ಒಂದೆಂದು ಎಣಿಸುತ್ತದೆ. ಇಎಕ್ಸ್‌ಟಿ4 ಎಣಿಸುವುದು ಬೈಟುಗಳನ್ನು, ಕನ್ನಡದ ಚಿಹ್ನೆಯೊಂದಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟು ಬೇಕು. ‘ಸ್ತ್ರ’ ಎಂಬ ಒಂದೇ ಅಕ್ಷರದೊಳಗೆ ಸ, ತ, ರ ಮತ್ತು ಎರಡು ಅರ್ಧಾಕ್ಷರ ಚಿಹ್ನೆಗಳಿವೆ: ಹದಿನೈದು ಬೈಟು. ಹಾಗಾಗಿ ವಿಂಡೋಸಿನಲ್ಲಿ ನೂರು ಚಿಹ್ನೆಗಳ ಕನ್ನಡ ಹೆಸರು ಹೊತ್ತ ಫೈಲು ಲಿನಕ್ಸಿಗೆ ನಕಲಾಗುವಾಗ ಹೆಸರು ಉದ್ದವಾಯಿತೆಂದು ನಿಂತುಬಿಡುತ್ತದೆ. ಅಲ್ಲಿ ಎಂಬತ್ತೈದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹೆಸರು ಕನ್ನಡದಲ್ಲೇ ಇರಲಿ, ಕೊಂಚ ಚಿಕ್ಕದಿರಲಿ.